ರಾಜಗಡ-ತೋರಣಾಕ್ಕೆ ಯಾವ ಬ್ಯಾಗ್? 40 ಲೀಟರ್ ಸಾಕಾ, ಒಂದೇ ಸಲ 60 ತಗೊಳ್ಳಲಾ?

ಚಾಕಣ್ ಧಾರವಾಡಿ (ಪುಣೆ)

ಎಲ್ಲರಿಗೂ ನಮಸ್ಕಾರ್ರೀ. ಪುಣೆಗೆ ಬಂದು ಆರು ವರ್ಷ ಆಯಿತು. ಕೆಲಸ ಚಾಕಣ್‌ನಲ್ಲಿ, ಮನೆ ಮೋಶಿಯಲ್ಲಿ. ಇಷ್ಟು ದಿನ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಟ್ರೆಕ್ಕುಗಳನ್ನೇ ಮಾಡಿದ್ದೇನೆ. ಸಿಂಹಗಡ, ಲೋಹಗಡ, ತಿಕೋನಾ, ಹೀಗೆ ಪುಣೆ ಸುತ್ತಿನ ಕೋಟೆಗಳು. ಅದಕ್ಕೆಲ್ಲ ಆಫೀಸಿನ ಲ್ಯಾಪ್‌ಟಾಪ್ ಬ್ಯಾಗೇ ಸಾಕಾಗುತ್ತಿತ್ತು.

ಹೋದ ತಿಂಗಳು ಮೊದಲ ಸಲ ರಾತ್ರಿ ಉಳಿಯುವ ಟ್ರೆಕ್ ಮಾಡಿದೆ. ರಾಜಗಡ ಕೋಟೆಗೆ, ಗುಂಜವಣೆ ಹಳ್ಳಿ ಕಡೆಯಿಂದ. ಜೊತೆಗೆ ಕೆಲಸ ಮಾಡುವವರೊಬ್ಬರು ತಮ್ಮ 65 ಲೀಟರ್ ಬ್ಯಾಗ್ ಕೊಟ್ಟಿದ್ದರು. ಪುಕ್ಕಟೆ ಸಿಕ್ಕಿತು ಅಂತ ಹೊತ್ತುಕೊಂಡು ಹೋದೆ. ಅರ್ಧ ದಾರಿಗೆ ಎಡ ಹೆಗಲು ಜೋಮು ಹಿಡಿಯಿತು. ಬೆಲ್ಟನ್ನು ಸೊಂಟಕ್ಕೆ ಕಟ್ಟಿದರೂ ಅದು ಜಾರಿ ತೊಡೆ ಹತ್ತಿರ ಕೂರುತ್ತಿತ್ತು. ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ. ಚೋರ್ ದರ್ವಾಜಾ ಹತ್ತಿರ ಇನ್ನೊಂದು ಫಜೀತಿ. ಆ ಬಾಗಿಲು ಎಷ್ಟು ಸಣ್ಣದು ಅಂತ ನೋಡಿದವರಿಗೆ ಗೊತ್ತಲ್ಲ. ಬಗ್ಗಿ ನಾನು ಒಳಗೆ ಹೋದೆ, ಬ್ಯಾಗಿಗೆ ಅಡ್ಡ ಕಟ್ಟಿದ್ದ ಚಾಪೆ ಹೋಗಲಿಲ್ಲ. ಒಂದು ಕೈಯಲ್ಲಿ ಕಂಬಿ, ಹಿಂದೆ ಹನ್ನೆರಡು ಜನರ ಸಾಲು, ಮೇಲಿಂದ ಒಬ್ಬರು ಬ್ಯಾಗಿನ ಹಿಡಿಕೆ ಹಿಡಿದು ನನ್ನನ್ನು ಬಾವಿಯಿಂದ ಕೊಡ ಎತ್ತಿದ ಹಾಗೆ ಎತ್ತಿದರು.

ಈಗ ಸ್ವಂತದ್ದು ತಗೊಳ್ಳಬೇಕು. ಡಿಸೆಂಬರಿನಲ್ಲಿ ರಾಜಗಡದಿಂದ ತೋರಣಾ ಕೋಟೆಯವರೆಗೆ ಎರಡು ದಿನದ ನಡಿಗೆ ಇದೆ. ಎಲ್ಲ ಸರಿ ಹೋದರೆ ಮೇ ತಿಂಗಳಲ್ಲಿ ಉತ್ತರಾಖಂಡದ ಹರ್ ಕೀ ದೂನ್. ನನ್ನ ಎತ್ತರ 5 ಅಡಿ 10 ಇಂಚು, ತೂಕ 68 ಕಿಲೋ. ಖರ್ಚಿಗೆ ಆರು ಸಾವಿರ ಇಟ್ಟಿದ್ದೇನೆ, ಎಳೆದಾಡಿದರೆ ಏಳು. ಎರಡಕ್ಕೂ ಒಂದೇ ಬ್ಯಾಗ್ ಆಗಬೇಕು. ಮನೆಯಲ್ಲಿ ಆಗಲೇ ಆರು ಬ್ಯಾಗ್ ಇವೆ, ಏಳನೆಯದು ಯಾಕೆ ಅಂತ ಹೆಂಡತಿ ಕೇಳುತ್ತಿದ್ದಾಳೆ. ಅದಕ್ಕೂ ಒಂದು ಉತ್ತರ ಹೇಳಿದರೆ ಪುಣ್ಯ ಬರುತ್ತದೆ.

ವಾಕಡ್ ಮನುಷ್ಯ (ಪುಣೆ)

ಕಣ್ಣು ಮುಚ್ಚಿ 60 ತಗೊಳ್ಳಿ. ದೊಡ್ಡದರಲ್ಲಿ ಸ್ವಲ್ಪ ಸಾಮಾನು ಹಿಡಿಯುತ್ತದೆ, ಸಣ್ಣದರಲ್ಲಿ ಜಾಸ್ತಿ ಹಿಡಿಯುವುದಿಲ್ಲ. ಅಷ್ಟೇ ಲೆಕ್ಕ.

ಟೈಲರಕ್ಕ (ಡೊಂಬಿವಲಿ)

ಧಾರವಾಡದ ತಮ್ಮ, ಲೀಟರ್ ವಿಷಯ ಆಮೇಲೆ. ಬೆಲ್ಟು ತೊಡೆ ಹತ್ತಿರ ಕೂರುತ್ತಿತ್ತು ಅಂತ ಬರೆದಿದ್ದೀರಲ್ಲ, ಅಲ್ಲೇ ಉಂಟು ಮಾರಾಯ್ರೆ ನಿಮ್ಮ ಎಡ ಹೆಗಲಿನ ಕಥೆ. ಆ ಬ್ಯಾಗಿನ ಬೆನ್ನು ನಿಮ್ಮ ಬೆನ್ನಿಗಿಂತ ಉದ್ದ. ಅದು 65 ಲೀಟರ್ ಬದಲು 30 ಲೀಟರ್ ಇದ್ದಿದ್ದರೂ ಇದೇ ಪಾಡು.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇವಳಿಗೆ ಇಷ್ಟು ಮಾತು ಎಲ್ಲಿಂದ ಬಂತು ಅಂತ ಕೇಳುತ್ತೀರಿ. ಊರು ಕುಂದಾಪುರದ ಕಡೆ. ಮದುವೆಯಾಗಿ ಡೊಂಬಿವಲಿಗೆ ಬಂದು 27 ವರ್ಷ. ಬಿಲ್ಡಿಂಗಿನ ಕೆಳಗೆ ಸಣ್ಣ ಹೊಲಿಗೆ ಅಂಗಡಿ. ಬ್ಲೌಸು, ಫಾಲು, ಆಲ್ಟರೇಷನ್ನು. ಜೂನ್ ಬಂದರೆ ಶಾಲೆ ಮಕ್ಕಳ ಬ್ಯಾಗ್ ರಿಪೇರಿ. ಟ್ರೆಕ್ಕಿನ ಹುಚ್ಚು ಹತ್ತಿದ್ದು 44ನೇ ವಯಸ್ಸಿಗೆ. ಮಗ ಕಾಲೇಜಿನ ಹುಡುಗರ ಜೊತೆ ಹೊರಟಿದ್ದ, ನಾನೂ ಬರುತ್ತೇನೆ ಅಂತ ಹಿಂದೆ ಬಿದ್ದೆ. ಈಗ ಅವನು ಬರುವುದಿಲ್ಲ, ನಾನು ಹೋಗುತ್ತೇನೆ. ಎತ್ತರ 5 ಅಡಿಗೆ ಒಂದು ಇಂಚು ಕಡಿಮೆ. ಹಾಗಾಗಿ ಅಳತೆಯ ವಿಷಯ ಬಂದರೆ ನನಗೆ ಸ್ವಲ್ಪ ಹಠ ಜಾಸ್ತಿ.

ಬ್ಲೌಸ್ ಹೊಲಿಸಲು ಬಂದವರು "ನಾನು ಐದಡಿ ನಾಲ್ಕಿಂಚು" ಅಂದರೆ ನಾನು ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಟೇಪು ತೆಗೆಯುತ್ತೇನೆ. ಬ್ಯಾಗಿಗೂ ಎತ್ತರ ಲೆಕ್ಕಕ್ಕಿಲ್ಲ, ಬೆನ್ನಿನ ಉದ್ದ ಬೇಕು. ಆರಡಿ ಜನರಿಗೆ ಕಾಲೇ ಉದ್ದವಾಗಿ ಬೆನ್ನು ಗಿಡ್ಡ ಇರಬಹುದು. ನಿಮ್ಮದೂ ಹಾಗೇ ಅಂತ ನನ್ನ ಗುಮಾನಿ.

ಮನೆಯವರ ಕೈಲಿ ಅಳತೆ ಮಾಡಿಸಿ. ತಲೆ ಮುಂದಕ್ಕೆ ಬಗ್ಗಿಸಿದರೆ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಎದ್ದು ಬರುತ್ತದೆ. ಟೇಪಿನ ತುದಿ ಅಲ್ಲಿಗೆ. ಆಮೇಲೆ ಎರಡೂ ಕೈ ಸೊಂಟದ ಮೇಲೆ ಇಟ್ಟುಕೊಳ್ಳಿ, ನಲ್ಲಿ ಹತ್ತಿರ ಜಗಳಕ್ಕೆ ನಿಂತವರ ಹಾಗೆ. ಹೆಬ್ಬೆರಳು ಹಿಂದಕ್ಕೆ ಇರಲಿ. ಕೈ ಕೆಳಗೆ ಒಂದು ಗಟ್ಟಿ ಅಂಚು ಸಿಗುತ್ತದೆ. ನಮ್ಮ ಊರಿನಲ್ಲಿ ಹೆಂಗಸರು ನೀರಿನ ಕೊಡ ಇಟ್ಟುಕೊಂಡು ಬರುವುದು, ಮಗುವನ್ನು ಕೂರಿಸಿಕೊಳ್ಳುವುದು ಇದೇ ಮೂಳೆಯ ಮೇಲೆ. ಎರಡು ಹೆಬ್ಬೆರಳಿನ ನಡುವೆ ಬೆನ್ನ ಮೇಲೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಕುತ್ತಿಗೆಯಿಂದ ಆ ಗೆರೆಯವರೆಗೆ, ಬೆನ್ನು ಬಳುಕಿದ ಹಾಗೆ ಟೇಪೂ ಬಳುಕಿ ಬರಲಿ. ಅದು ನಿಮ್ಮ ಅಳತೆ. ಸಾಮಾನ್ಯವಾಗಿ 16ರಿಂದ 18 ಇಂಚು ಅಂದರೆ ಸ್ಮಾಲ್, 18ರಿಂದ 20 ಮೀಡಿಯಂ, ಅದಕ್ಕೆ ಮೇಲೆ ಲಾರ್ಜ್. ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಬೆನ್ನಿನ ಉದ್ದ ಹೆಚ್ಚುಕಡಿಮೆ ಮಾಡುವ ವೆಲ್‌ಕ್ರೋ ಪಟ್ಟಿ ಇರುವ ಬ್ಯಾಗುಗಳೂ ಇವೆ. ಮೊದಲ ಬ್ಯಾಗಿಗೆ ಅದೇ ಒಳ್ಳೆಯದು.

ಆ ಮೂಳೆ ಯಾಕೆ ಇಷ್ಟು ಮುಖ್ಯ? ಭಾರ ಹೊರಬೇಕಾದದ್ದು ಹೆಗಲು ಅಲ್ಲ. ಬ್ಯಾಗಿನ ಒಳಗೆ ಬೆನ್ನಿಗೆ ಒಂದು ಅಲ್ಯೂಮಿನಿಯಂ ಪಟ್ಟಿಯೋ ಪ್ಲಾಸ್ಟಿಕ್ ಹಲಗೆಯೋ ಇರುತ್ತದೆ. ಅದು ಮೇಲಿನ ಭಾರವನ್ನು ಕೆಳಗೆ ಬೆಲ್ಟಿಗೆ ದಾಟಿಸುತ್ತದೆ. ಬೆಲ್ಟು ಆ ಮೂಳೆಯ ಮೇಲೆ ಕೂತರೆ ಮುಕ್ಕಾಲು ಭಾರ ಕಾಲಿಗೆ ಇಳಿಯುತ್ತದೆ. ಹೆಗಲ ಪಟ್ಟಿಗೆ ಬ್ಯಾಗು ಹಿಂದಕ್ಕೆ ವಾಲದ ಹಾಗೆ ಹಿಡಿದುಕೊಳ್ಳುವ ಕೆಲಸ ಮಾತ್ರ. ಬೆಲ್ಟು ಮೂಳೆಯಿಂದ ಜಾರಿತೋ, ಎಲ್ಲ ಭಾರ ಹೆಗಲಿಗೆ ಜೋತು ಬೀಳುತ್ತದೆ. ನಿಮಗೆ ಆದದ್ದು ಇದು. ಕೊಡ ಸೊಂಟದಿಂದ ಜಾರಿದರೆ ಕೈ ನೋಯುತ್ತದಲ್ಲ, ಹಾಗೆ.

ಅಂಗಡಿಗೆ ಖಾಲಿ ಕೈಲಿ ಹೋಗಬೇಡಿ. ಖಾಲಿ ಬ್ಯಾಗ್ ಎಲ್ಲರ ಬೆನ್ನಿಗೂ ಚಂದವೇ. ಐದು ಕಿಲೋ ಅಕ್ಕಿ, ಎರಡು ಕಿಲೋ ಸಕ್ಕರೆ, ಎರಡು ಬಾಟಲ್ ನೀರು ಒಯ್ಯಿರಿ. ಅಂಗಡಿಯವರು ನಗುತ್ತಾರೆ, ನಗಲಿ. ತುಂಬಿಸಿ, ಎಲ್ಲ ಪಟ್ಟಿಯನ್ನೂ ಸಡಿಲ ಮಾಡಿ ಹೊತ್ತುಕೊಳ್ಳಿ. ಮೊದಲು ಸೊಂಟದ ಬೆಲ್ಟು, ಮೂಳೆ ಮೇಲೆ. ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಪಟ್ಟಿ ಹೆಗಲಿಗೆ ಪೂರ್ತಿ ಅಂಟಿಕೊಂಡು ಹಿಂದಕ್ಕೆ ಇಳಿಯಬೇಕು, ನಡುವೆ ಬೆರಳು ಹೋಗುವಷ್ಟು ಜಾಗ ಇರಬಾರದು. ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ ಒಂದು ಇರುತ್ತದೆ. ಪಕ್ಕದಿಂದ ನೋಡಿದರೆ ಅದು ಹೆಗಲಿನಿಂದ ಸುಮಾರು 45 ಡಿಗ್ರಿ ಏರಿರಬೇಕು. ಕೊನೆಗೆ ಎದೆ ಪಟ್ಟಿ, ಉಸಿರು ಕಟ್ಟದಷ್ಟು. ಹೀಗೆ ಹೊತ್ತು ಇಪ್ಪತ್ತು ನಿಮಿಷ ಓಡಾಡಿ, ಮೆಟ್ಟಿಲು ಇದ್ದರೆ ಹತ್ತಿ ಇಳಿಯಿರಿ. ಹತ್ತನೇ ನಿಮಿಷಕ್ಕೆ ಎಲ್ಲಿ ಚುಚ್ಚುತ್ತದೋ, ಬೆಟ್ಟದಲ್ಲಿ ನಾಲ್ಕನೇ ಗಂಟೆಗೆ ಅಲ್ಲಿ ಗಾಯ.

ಇನ್ನು ಲೀಟರ್. ವಾಕಡಿನವರ ಮೇಲೆ ಸಿಟ್ಟಿಲ್ಲ, ಆದರೆ ದೊಡ್ಡ ಬ್ಯಾಗಿನಲ್ಲಿ ಸ್ವಲ್ಪ ಸಾಮಾನು ಇಟ್ಟು ಹೊರಟವರನ್ನು ನಾನು ಈವರೆಗೆ ಕಂಡಿಲ್ಲ. ಜಾಗ ಇದ್ದರೆ ಕೈ ತಡೆಯುವುದಿಲ್ಲ. ಇನ್ನೊಂದು ಟವೆಲು, ಇನ್ನೊಂದು ಚಕ್ಕುಲಿ ಡಬ್ಬ. ಅಳೆದು ತಗೊಳ್ಳಿ. ಮನೆಯಲ್ಲಿ ಅಗಲ 30, ಉದ್ದ 30, ಎತ್ತರ 50 ಸೆಂಟಿಮೀಟರಿನ ರಟ್ಟಿನ ಡಬ್ಬ ಹುಡುಕಿ. ಅದು 45 ಲೀಟರ್. ಡಬ್ಬ ಸಿಗದಿದ್ದರೆ ಕುಡಿಯುವ ನೀರಿನ 20 ಲೀಟರ್ ಕ್ಯಾನು ಎರಡು ಪಕ್ಕಪಕ್ಕ ಇಟ್ಟು ನೋಡಿ, 40 ಲೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ಕಾಣುತ್ತದೆ. ನೀವು ನಿಜವಾಗಿ ಒಯ್ಯುವ ಸಾಮಾನನ್ನು ಡಬ್ಬಕ್ಕೆ ತುಂಬಿ. ಬ್ಯಾಗ್ ಕೊಳ್ಳುವುದು ಅದರ ಮಾರನೇ ದಿನ.

ರಾಜಗಡ-ತೋರಣಾ ಅಂದರೆ ಟೆಂಟು ಬೇಕಾಗಿಲ್ಲ, ಇಷ್ಟು ದಿನ ರಾಜಗಡದ ಮೇಲಿನ ಪದ್ಮಾವತಿ ಗುಡಿಯಲ್ಲಿ ಮಲಗುತ್ತಿದ್ದವರೇ ಜಾಸ್ತಿ. ಸ್ಲೀಪಿಂಗ್ ಬ್ಯಾಗ್ ಒಂದೂಕಾಲು ಕಿಲೋ, ಚಾಪೆ ಕಾಲು ಕಿಲೋ ಚಿಲ್ಲರೆ, ಬಟ್ಟೆ ಜಾಕೆಟ್ ಒಂದೂವರೆ, ತಿಂಡಿ ಒಂದೂವರೆ, ಟಾರ್ಚು ಔಷಧಿ ಪವರ್ ಬ್ಯಾಂಕ್ ಮುಕ್ಕಾಲು. ನೀರು ನಾಲ್ಕು ಲೀಟರ್, ಅಂದರೆ ನಾಲ್ಕು ಕಿಲೋ. ರಾಜಗಡ ಬಿಟ್ಟ ಮೇಲೆ ಆ ಬೆಟ್ಟಸಾಲಿನ ಬೆನ್ನ ಮೇಲಿನ ದಾರಿಯಲ್ಲಿ ನೀರನ್ನು ನಂಬಿಕೊಂಡು ಹೋಗಬಾರದು, ಇದರಲ್ಲಿ ಕಂಜೂಸು ಮಾಡಬೇಡಿ. ಬ್ಯಾಗಿನದ್ದೇ ತೂಕ ಒಂದೂವರೆ. ಎಲ್ಲ ಸೇರಿ ಹತ್ತೂವರೆ, ಹನ್ನೊಂದು ಕಿಲೋ. ಮೈ ತೂಕದ ಐದನೇ ಒಂದು ಭಾಗ ದಾಟಬಾರದು ಅಂತ ಒಂದು ಹಳೇ ಲೆಕ್ಕ ಇದೆ. ನಿಮಗೆ ಅದು ಹದಿಮೂರೂವರೆ. ಸುಖವಾಗಿ ಒಳಗೆ ಇದ್ದೀರಿ. ಇದಕ್ಕೆ 40 ಸಾಕು. ಹರ್ ಕೀ ದೂನ್‌ಗೆ ನೀವು ಗುಂಪಿನ ಜೊತೆ ಹೋಗಿ, ಟೆಂಟು, ಸ್ಲೀಪಿಂಗ್ ಬ್ಯಾಗು, ಅಡುಗೆ ಅವರದ್ದೇ ಆದರೆ 45-50ರಲ್ಲಿ ಆಗುತ್ತದೆ. ಸ್ವಂತ ಟೆಂಟು ಹೊರುವ ದಿನ ಬಂದಾಗ 60ರ ಮಾತು. ಆಗ ಖಾಲಿ ಬ್ಯಾಗೇ ಎರಡು ಕಿಲೋ ದಾಟುತ್ತದೆ ಅಂತ ಗೊತ್ತಿರಲಿ.

ಈಗ ನನ್ನ ಕಸುಬಿನ ವಿಷಯ. ಬ್ಯಾಗಿನ ಹೊರಗಿನ ಬಣ್ಣ ನೋಡಬೇಡಿ, ಒಳಗೆ ಕೈ ಹಾಕಿ. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಬುಡ ಹುಡುಕಿ. ಜೀನ್ಸ್ ಪ್ಯಾಂಟಿನಲ್ಲಿ ಬೆಲ್ಟಿನ ಲೂಪಿನ ತುದಿಗೆ ಒತ್ತೊತ್ತಾಗಿ ಅಡ್ಡ ಹೊಲಿಗೆ ಇರುತ್ತದಲ್ಲ, ಬಾರ್‌ಟ್ಯಾಕ್ ಅನ್ನುತ್ತೇವೆ. ಅಂಥದ್ದು ಅಲ್ಲಿ ಇರಬೇಕು. ಬರೀ ಒಂದು ನೇರ ಹೊಲಿಗೆ ಹಾಕಿ ಬಿಟ್ಟಿದ್ದರೆ ಆ ಬ್ಯಾಗು ನನ್ನ ಅಂಗಡಿಗೆ ಬರುವುದು ಖಂಡಿತ. ನನಗೇನೋ ದುಡ್ಡು ಬರುತ್ತದೆ, ನಿಮಗೆ ಮಾತ್ರ ಗುಡ್ಡದ ಮಧ್ಯೆ ಪಟ್ಟಿ ಕಿತ್ತಿರುತ್ತದೆ. ಒಳಗಿನ ಬಟ್ಟೆಯ ಅಂಚುಗಳಿಗೆ ಪಟ್ಟಿ ಕೂರಿಸಿ ಹೊಲಿದಿರಬೇಕು, ದಾರ ಬಿಚ್ಚಿಕೊಂಡಿರಬಾರದು. ಬೆಲ್ಟಿನ ಫೋಮನ್ನು ಹೆಬ್ಬೆರಳಿನಿಂದ ಗಟ್ಟಿ ಒತ್ತಿ ಬಿಡಿ. ತಕ್ಷಣ ಎದ್ದು ಬಂದರೆ ಸರಿ. ಗುಂಡಿ ಹಾಗೇ ಉಳಿದರೆ ಅದು ದಿಂಬಿನ ಫೋಮು.

ಚೈನಿನ ರನ್ನರ್ ಹಿಂದೆ ನಂಬರ್ ಇರುತ್ತದೆ, 5, 8, 10. ಮುಚ್ಚಿದ ಚೈನಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ದೊಡ್ಡ ಬಾಯಿಗೆ 8 ಅಥವಾ 10 ಬೇಕು, ಜೇಬಿಗೆ 5 ಸಾಕು. ನನಗೆ ಕೇಳಿದರೆ ಬಾಯಿಗೆ ಪೈಜಾಮದ ಹಾಗೆ ಲಾಡಿ ಇರುವ ಬ್ಯಾಗೇ ಒಳ್ಳೆಯದು. ಚೈನು ಕೈ ಕೊಟ್ಟದ್ದು ಸಾವಿರ ನೋಡಿದ್ದೇನೆ. ಲಾಡಿ ಕಿತ್ತರೆ ಶೂ ದಾರ ಪೋಣಿಸಿದರಾಯಿತು. ಬಟ್ಟೆಯ ಮೇಲೆ 210 ಡೆನಿಯರ್, 420 ಡೆನಿಯರ್ ಅಂತ ಬರೆದಿರುತ್ತದೆ. 9000 ಮೀಟರ್ ನೂಲು ತೂಗಿದರೆ ಎಷ್ಟು ಗ್ರಾಂ ಆಗುತ್ತದೋ ಅದು ಡೆನಿಯರ್. ಮೇಲೆ 210 ಇದ್ದರೂ ಪರವಾಗಿಲ್ಲ, ತಳ ದಪ್ಪ ಇರಲಿ. ಸಹ್ಯಾದ್ರಿಯ ಕಲ್ಲಿನ ಮೇಲೆ ಬ್ಯಾಗನ್ನು ನಾವು ಇಡುವುದಿಲ್ಲ, ಎಸೆಯುತ್ತೇವೆ.

ಬೆನ್ನಿಗೆ ಬಲೆ ಎಳೆದು ಕಟ್ಟಿದ ಬ್ಯಾಗುಗಳು ಬಂದಿವೆ. ಗಾಳಿ ಆಡುತ್ತದೆ, ಬೆವರು ಕಡಿಮೆ. ಆದರೆ ಬಲೆಗೆ ಜಾಗ ಬಿಡಲು ಭಾರವನ್ನು ನಾಲ್ಕು ಬೆರಳು ಹಿಂದಕ್ಕೆ ತಳ್ಳಿರುತ್ತಾರೆ. ಒಮ್ಮೆ ಅಂಥ ಬ್ಯಾಗ್ ಹೊತ್ತು ಖಾಂಡಸದಿಂದ ಶಿಡಿ ಘಾಟಿನಲ್ಲಿ ಭೀಮಾಶಂಕರಕ್ಕೆ ಹತ್ತಿದೆ. ಶಿಡಿ ಅಂದರೆ ಮರಾಠಿಯಲ್ಲಿ ಏಣಿ, ಬಂಡೆಗೆ ಕಬ್ಬಿಣದ ಏಣಿ ಇಟ್ಟಿದ್ದಾರೆ. ಎರಡನೇ ಮೆಟ್ಟಿಲಿಗೆ ಯಾರೋ ಹಿಂದಿನಿಂದ ಜಡೆ ಹಿಡಿದು ಎಳೆದ ಹಾಗಾಯಿತು. ಆ ಏಣಿ ಹತ್ತಿ ಮುಗಿಯುವವರೆಗೆ ಮಂಜುನಾಥನ ಹೆಸರು ಬಿಟ್ಟು ಬೇರೆ ಮಾತು ಬಾಯಿಗೆ ಬರಲಿಲ್ಲ. ಸಮ ದಾರಿಗೆ ಬಲೆ ಸುಖ. ಏಣಿ, ಬಂಡೆ, ಇಕ್ಕಟ್ಟು ಇರುವಲ್ಲಿ ಬೆನ್ನಿಗೆ ಅಂಟುವ ಫೋಮಿನ ಬ್ಯಾಗೇ ಸೈ.

ಇನ್ನೊಂದು ಮಾತು, ಮುಂಬೈ ಕಡೆಯವರಿಗೆ ಮುಖ್ಯ. ನನ್ನ ಮೊದಲ ಬ್ಯಾಗನ್ನು ಮಡಚಿ ಅಟ್ಟದ ಮೇಲೆ ಹಾಕಿದ್ದೆ. ಎರಡು ಮಳೆಗಾಲ ಕಳೆದು ತೆಗೆದರೆ ಒಳಗೆಲ್ಲ ಅಂಟು ಅಂಟು, ಹುಳಿ ವಾಸನೆ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಏಳುತ್ತಿತ್ತು. ಅದು ನೀರು ತಡೆಯಲು ಬಟ್ಟೆಗೆ ಹಚ್ಚಿದ ಪಾಲಿಯುರೆಥೇನ್ ಲೇಪ. ಗಾಳಿಯ ತೇವಕ್ಕೆ ಅದು ಕೊಳೆಯುತ್ತದೆ, ರಿಪೇರಿ ಇಲ್ಲ. ನಾನೇ ಹೊಲಿಗೆಯವಳು, ನಾನೇ ಕೈ ಚೆಲ್ಲಿದೆ. ಈಗ ಬ್ಯಾಗು ಕಪಾಟಿನ ಪಕ್ಕ ಗೂಟಕ್ಕೆ ನೇತಾಡುತ್ತದೆ, ಬಾಯಿ ತೆರೆದುಕೊಂಡು.

ಲೋಕಲ್ ಟ್ರೈನಿನಲ್ಲಿ ಹೋಗುವವರು ಸೊಂಟದ ಬೆಲ್ಟನ್ನು ಬ್ಯಾಗಿನ ಹಿಂದಕ್ಕೆ ತಿರುಗಿಸಿ ಬಕಲ್ ಹಾಕಿಡಿ. ಒಮ್ಮೆ ಡೊಂಬಿವಲಿಯಲ್ಲಿ ಇಳಿಯುವಾಗ ನನ್ನ ನೇತಾಡುವ ಬೆಲ್ಟು ಒಬ್ಬಾಕೆಯ ಟಿಫಿನ್ ಚೀಲದ ಹಿಡಿಕೆಗೆ ಸಿಕ್ಕಿತು. ನಾನು ಇಳಿಯುವ ಹಾಗಿಲ್ಲ, ಅವಳು ಬಿಡುವ ಹಾಗಿಲ್ಲ. ಇಬ್ಬರೂ ಠಾಕುರ್ಲಿಯಲ್ಲಿ ಇಳಿದೆವು. ಅವಳು ಹೋಗಬೇಕಾದದ್ದು ಕಲ್ಯಾಣಕ್ಕೆ. ಅವಳು ನನಗೆ ಏನೇನು ಅಂದಳು ಅಂತ ಇಲ್ಲಿ ಬರೆಯುವುದಿಲ್ಲ.

ಬೆಳಗಾವಿ ಕಾಕಾ (ಕೋಥ್ರೂಡ್)

ಅಕ್ಕಾವ್ರು ಹೇಳಿದ್ದಕ್ಕೆ ನಾನು ಸೇರಿಸುವುದು ಮಳೆಯ ವಿಷಯ ಒಂದೇ. ಡಿಸೆಂಬರಿಗೆ ನಿಮಗೆ ಇದು ಬೇಡ, ಆದರೆ ಪುಣೆಯಲ್ಲಿದ್ದು ಜುಲೈ ಟ್ರೆಕ್ ಮಾಡದೆ ಇರುತ್ತೀರಾ?

ಪನ್ಹಾಳ ಕೋಟೆಯಿಂದ ಪಾವನಖಿಂಡಿ ಅನ್ನುವ ಕಣಿವೆ ದಾರಿಗೆ ನಡೆಯುವ ಟ್ರೆಕ್ ಗೊತ್ತಲ್ಲ, 1660ರ ಜುಲೈನಲ್ಲಿ ಶಿವಾಜಿ ಮಹಾರಾಜರು ಮುತ್ತಿಗೆ ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೋದ ದಾರಿ. ಜನ ಈಗಲೂ ಜುಲೈನಲ್ಲೇ ಹೋಗುತ್ತಾರೆ, ಅದೇ ಮಳೆ ಅನುಭವಿಸಬೇಕು ಅಂತ. ನಾನೂ ಅನುಭವಿಸಿದೆ. ಬ್ಯಾಗಿಗೆ ಹೊಸ ರೇನ್ ಕವರ್ ಹಾಕಿದ್ದೆ, ಕಿತ್ತಳೆ ಬಣ್ಣದ್ದು, ಬಹಳ ಹೆಮ್ಮೆ. ಮೊದಲ ರಾತ್ರಿ ಊರಿನವರೊಬ್ಬರ ಮನೆ ಜಗುಲಿಯಲ್ಲಿ ಬ್ಯಾಗ್ ಬಿಚ್ಚಿದೆ. ಸ್ಲೀಪಿಂಗ್ ಬ್ಯಾಗ್ ಹಿಂಡಿದರೆ ಒಂದು ತಂಬಿಗೆ ನೀರು ಬಂತು. ರೇನ್ ಕವರು ಹೊರಗಿನಿಂದ ಬರುವ ಮಳೆ ತಡೆದಿತ್ತು. ಆದರೆ ನನ್ನ ಕುತ್ತಿಗೆಯಿಂದ ಬೆನ್ನಿಗೆ ಇಳಿದ ನೀರು ಬೆನ್ನಿನ ಫೋಮಿನ ಮೂಲಕ ಸೀದಾ ಒಳಗೆ. ಆ ಕಡೆ ಕವರೇ ಇರುವುದಿಲ್ಲ ನೋಡಿ. ಒಳಗೆ ಹೋದದ್ದು ಕೆಳಗಿಳಿದು ತಳದಲ್ಲಿ ನಿಂತಿತ್ತು. ಸ್ಲೀಪಿಂಗ್ ಬ್ಯಾಗ್ ಇಟ್ಟದ್ದೂ ತಳದಲ್ಲೇ.

ಅವತ್ತಿನಿಂದ ಬ್ಯಾಗಿನ ಒಳಗೇ ಒಂದು ದಪ್ಪ ಪ್ಲಾಸ್ಟಿಕ್ ಚೀಲ. ಐವತ್ತು ಕಿಲೋ ಸಕ್ಕರೆ ಮೂಟೆಯ ಒಳಗೆ ಬರುತ್ತದಲ್ಲ, ಅದು. ಕಿರಾಣಿ ಅಂಗಡಿಯವರನ್ನು ಕೇಳಿದರೆ ಸುಮ್ನೆ ಕೊಡುತ್ತಾರೆ. ಸಾಮಾನೆಲ್ಲ ಅದರೊಳಗೆ, ಬಾಯಿ ಎರಡು ಸುತ್ತು ತಿರುವಿ ಮಡಚಿದರೆ ಮುಗಿಯಿತು. ರೇನ್ ಕವರ್ ಈಗ ವಿಮಾನದಲ್ಲಿ ಬ್ಯಾಗ್ ಹಾಕುವಾಗ ಪಟ್ಟಿಗಳು ಸಿಕ್ಕಿಕೊಳ್ಳದಿರಲಿ ಅಂತ ಉಲ್ಟಾ ಹಾಕಲು ಉಪಯೋಗಕ್ಕೆ ಬರುತ್ತದೆ.

ತುಂಬುವ ಕ್ರಮ: ಸ್ಲೀಪಿಂಗ್ ಬ್ಯಾಗ್ ತಳಕ್ಕೆ, ಭಾರದ್ದು ನಡುವೆ, ಬೆನ್ನಿಗೆ ತಾಗಿಕೊಂಡು. ಹಗುರ ಬಟ್ಟೆ ಅದರ ಆಚೆ. ನೀರಿನ ಬಾಟಲ್ ಎರಡೂ ಪಕ್ಕಕ್ಕೆ ಒಂದೊಂದು, ಇಲ್ಲದಿದ್ದರೆ ಇಡೀ ದಿನ ಒಂದು ಕಡೆ ವಾಲುತ್ತೀರಿ. ಚಾಪೆಯನ್ನು ಅಡ್ಡ ಕಟ್ಟಬೇಡಿ, ಪಕ್ಕಕ್ಕೆ ನೆಟ್ಟಗೆ ಕಟ್ಟಿ. ಚೋರ್ ದರ್ವಾಜಾ ನಿಮಗೆ ಆಗಲೇ ಪಾಠ ಹೇಳಿದೆ.

ಮತ್ತೊಂದು ಮಾತು. ಹರ್ ಕೀ ದೂನ್ ಇನ್ನೂ ಗ್ಯಾರಂಟಿ ಇಲ್ಲ ಅಂದಿರಿ. ಆ ಟ್ರೆಕ್ ಶುರುವಾಗುವ ಸಾಂಕ್ರಿಯಲ್ಲೇ ಬ್ಯಾಗು, ಜಾಕೆಟು ಬಾಡಿಗೆಗೆ ಸಿಗುತ್ತವೆ. ದೊಡ್ಡ ಬ್ಯಾಗನ್ನು ಹೇಸರಗತ್ತೆಯ ಮೇಲೆ ಹಾಕಿ ಕಳಿಸುವ ವ್ಯವಸ್ಥೆಯೂ ಇರುತ್ತದೆ. ಒಂದು ವಾರದ ಹಿಮಾಲಯಕ್ಕಾಗಿ ವರ್ಷದ ಐವತ್ತೊಂದು ವಾರ ಸಹ್ಯಾದ್ರಿಯಲ್ಲಿ ದೊಡ್ಡ ಬ್ಯಾಗ್ ಹೊರಬೇಡಿ.

ಹಗುರ ಮನುಷ್ಯ (ಠಾಣೆ)

ಎಲ್ಲರೂ ಇಷ್ಟು ಭಾರ ಯಾಕೆ ಹೊರುತ್ತೀರೋ. ನನ್ನದು 32 ಲೀಟರ್, ಒಳಗೆ ಯಾವ ಪಟ್ಟಿ ಹಲಗೆ ಏನೂ ಇಲ್ಲ. ಚಳಿಗಾಲದಲ್ಲಿ ಹರಿಶ್ಚಂದ್ರಗಡ, ಕಳಸೂಬಾಯಿ, ರತನ್‌ಗಡ ಎಲ್ಲ ಇದರಲ್ಲೇ ಆಗಿದೆ. ಸ್ಲೀಪಿಂಗ್ ಬ್ಯಾಗ್ ಬದಲು ಒಂದು ತೆಳ್ಳನೆ ಫ್ಲೀಸ್ ಚಾದರ, ಜಾಕೆಟ್ ಹಾಕಿಕೊಂಡೇ ನಿದ್ದೆ. ಊಟ ಊರಿನ ಮನೆಗಳಲ್ಲಿ, ಪಿಠಲೆ ಭಾಕರಿ. ನೀರು ಸೇರಿ ಏಳು ಕಿಲೋ ದಾಟುವುದಿಲ್ಲ.

ಟೈಲರಕ್ಕ (ಡೊಂಬಿವಲಿ)

ಠಾಣೆಯವರೇ, ಏಳು ಕಿಲೋಗೆ ನೀವು ಹೇಳಿದ್ದು ಸರಿ. ಅಷ್ಟಕ್ಕೆ ಹಲಗೆ ಬೇಡ. ಎಂಟು ಒಂಬತ್ತು ದಾಟಿದ ಮೇಲೆ ಹೆಗಲು ಬೈಯುತ್ತದೆ. ಧಾರವಾಡದವರು ತೋರಣಾ ದಾರಿಗೆ ನೀರೇ ನಾಲ್ಕು ಕಿಲೋ ಹೊರಬೇಕು, ನಿಮ್ಮ ಚಾದರ ಅಲ್ಲಿ ನೀರು ಕೊಡುವುದಿಲ್ಲ. ಮತ್ತೆ ರಾತ್ರಿ ಮೂರು ಗಂಟೆಗೆ ಗುಡಿಯ ನೆಲದಲ್ಲಿ ನೀವು ಹಲ್ಲು ಕಡಿಯುವ ಸದ್ದು ಪಕ್ಕದವರಿಗೆ ಕೇಳಿಸಿರಬೇಕು, ಅವರನ್ನೂ ಒಮ್ಮೆ ಕೇಳಿ ನೋಡಿ.

ಚಾಕಣ್ ಧಾರವಾಡಿ (ಪುಣೆ)

ಎಲ್ಲರಿಗೂ ಶರಣು. ಎರಡು ವಾರದ ವರದಿ ಒಪ್ಪಿಸುತ್ತೇನೆ.

ಹೆಂಡತಿ ಟೇಪು ಹಿಡಿದು ಅಳತೆ ಮಾಡಿದಳು. ಹದಿನೇಳೂವರೆ ಇಂಚು! ಇನ್ನೊಮ್ಮೆ ಅಳೆದಳು, ಅಷ್ಟೇ. ಅಕ್ಕ ಹೇಳಿದ ಹಾಗೆ ನಾನು ಬರೀ ಕಾಲು. ರಾಜಗಡಕ್ಕೆ ಬ್ಯಾಗ್ ಕೊಟ್ಟಿದ್ದವರ ಆ ಬ್ಯಾಗಿನ ಒಳಗೆ ನೋಡಿದರೆ ಲಾರ್ಜ್ ಅಂತ ಚೀಟಿ ಇತ್ತು.

ಡಬ್ಬ ಸರಿಯಾದ ಅಳತೆಯದ್ದು ಸಿಗಲಿಲ್ಲ. ಹೊಸ ಕುಕ್ಕರ್ ಬಂದಿದ್ದ ಡಬ್ಬ, ಶೂ ಡಬ್ಬ ಎಲ್ಲ ಅಳೆದು ಲೆಕ್ಕ ಹಾಕಿದೆ. ಮೊದಲ ಸಲ ತುಂಬಿದಾಗ 51 ಲೀಟರ್ ಆಯಿತು. ಅದರಲ್ಲಿ ಒಂದು ಜೀನ್ಸು, ದಪ್ಪ ಟವೆಲು, ಸ್ಪೀಕರು, ಅವ್ವ ಕಳಿಸಿದ ಶೇಂಗಾ ಚಟ್ನಿಯ ಗಾಜಿನ ಭರಣಿ ಇದ್ದವು. ಚಟ್ನಿ ಪ್ಲಾಸ್ಟಿಕ್ ಡಬ್ಬಿಗೆ ಬಂತು, ಉಳಿದ ಮೂರು ಮನೆಯಲ್ಲೇ ಉಳಿದವು. ಎರಡನೇ ಸಲ 37.

ಅಂಗಡಿಗೆ ಅಕ್ಕಿ ಒಯ್ದೆ. ಸೆಕ್ಯೂರಿಟಿಯವರು ಚೀಲ ಬಿಚ್ಚಿಸಿ, "ಅಕ್ಕಿ ಯಾಕೆ ಸಾಹೇಬ್ರೆ?" ಅಂತ ಮರಾಠಿಯಲ್ಲಿ ಕೇಳಿದರು. ಬ್ಯಾಗ್ ನೋಡೋಕೆ ಅಂದೆ. ಅವರಿಗೆ ಅರ್ಥ ಆಯಿತೋ ಇಲ್ಲವೋ, ಬಿಟ್ಟರು. ಮೂರು ಬ್ಯಾಗ್ ಹೊತ್ತು ನೋಡಿದೆ. ಮೊದಲನೆಯದು 50 ಲೀಟರ್, ನೋಡಲು ಭಾರೀ ಚಂದ, ಆದರೆ ಬೆಲ್ಟು ಮತ್ತೆ ಕೆಳಗೇ ಹೋಯಿತು. ಎರಡನೆಯದಕ್ಕೆ ಬಲೆ ಬೆನ್ನು. ಸುಖವಾಗಿತ್ತು, ಆದರೆ ಬಲೆಗಾಗಿ ಬ್ಯಾಗಿನ ಬೆನ್ನು ಒಳಕ್ಕೆ ಬಾಗಿದ್ದರಿಂದ ಅಕ್ಕಿ ಚೀಲ ಒಳಗೆ ಸರಿಯಾಗಿ ಕೂರಲಿಲ್ಲ. ಮೂರನೆಯದು 45 ಲೀಟರ್, ಬೆನ್ನಿನ ಉದ್ದ ಬದಲಾಯಿಸುವಂಥದ್ದು, ಬಾಯಿಗೆ ಲಾಡಿ. ಅಂಗಡಿಯ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದೆ. ಹೆಗಲ ಮೇಲೆ ಏನೋ ಇದೆ ಅಂತಲೇ ಅನ್ನಿಸಲಿಲ್ಲ, ಎಲ್ಲ ಸೊಂಟದ ಮೇಲೆ. ಒಳಗೆ ಕೈ ಹಾಕಿದಾಗ ಎಡ ಪಟ್ಟಿಯ ಬುಡದಲ್ಲಿ ಹೊಲಿಗೆಯ ದಾರ ಎದ್ದಿತ್ತು. ಬೇರೆ ಪೀಸ್ ಕೇಳಿದೆ, ತಂದುಕೊಟ್ಟರು. 6,200 ರೂಪಾಯಿ.

ಹೋದ ಭಾನುವಾರ ಹತ್ತು ಕಿಲೋ ಹೊತ್ತು ಸಿಂಹಗಡ ಹತ್ತಿದೆ. ಹೆಗಲು ಆರಾಮ. ಒಂದೇ ಸಂಶಯ. ಹತ್ತುವಾಗ ಬೆಲ್ಟಿನ ಬಕಲ್ ಹೊಟ್ಟೆ ಒತ್ತುತ್ತಿತ್ತು, ಉಸಿರು ಎಳೆದುಕೊಳ್ಳಲು ಕಷ್ಟ. ಸಡಿಲ ಮಾಡಿದರೆ ಮತ್ತೆ ಜಾರುತ್ತದೆ. ಏನು ಮಾಡಲಿ ಅಕ್ಕ?

ಟೈಲರಕ್ಕ (ಡೊಂಬಿವಲಿ)

ಸಡಿಲ ಮಾಡಬೇಡಿ, ಇಳಿಸಿ. ಬಕಲ್ ಹೊಕ್ಕುಳದ ಮೇಲೆ ಬಂದಿದ್ದರೆ ಬೆಲ್ಟು ಮೂಳೆ ದಾಟಿ ಮೆತ್ತನೆ ಹೊಟ್ಟೆಗೆ ಹತ್ತಿದೆ ಅಂತ ಅರ್ಥ. ಹೊಕ್ಕುಳದಿಂದ ಎರಡು ಬೆರಳು ಕೆಳಗೆ ಬರಬೇಕು. ಬೆಲ್ಟಿನ ಅಗಲದ ನಟ್ಟನಡುವೆ ಆ ಮೂಳೆಯ ಅಂಚು ಸಿಗಬೇಕು, ಅರ್ಧ ಮೇಲೆ, ಅರ್ಧ ಕೆಳಗೆ. ಬೆನ್ನಿನ ವೆಲ್‌ಕ್ರೋವನ್ನು ಅರ್ಧ ಇಂಚು ಉದ್ದ ಮಾಡಿ ಹೊತ್ತು ನೋಡಿ. ಸಿಂಹಗಡದ ಮೇಲೆ ಪಿಠಲೆ ಭಾಕರಿ, ಮೊಸರು, ಕಾಂದಾ ಭಜಿ ಎಲ್ಲ ಹೊಡೆದು ಕಟ್ಟಿದ ಬೆಲ್ಟಾದರೆ ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಪಟ್ಟಿಗಳ ತುದಿ ಉದ್ದ ನೇತಾಡುತ್ತಿದ್ದರೆ ಕತ್ತರಿಸಬೇಡಿ, ಚಳಿಯಲ್ಲಿ ಜಾಕೆಟ್ ಮೇಲೆ ಕಟ್ಟುವಾಗ ಆ ಉದ್ದ ಬೇಕಾಗುತ್ತದೆ. ಸುರುಳಿ ಸುತ್ತಿ, ಪೆಟಿಕೋಟಿನ ಎಲಾಸ್ಟಿಕ್ಕಿನ ಒಂದು ತುಂಡು ಹಾಕಿ ಕಟ್ಟಿಡಿ.